ಸೈಟಿನಿಂದ ಗೃಹಪ್ರವೇಶದವರೆಗೆ: ಯಾವ ಅನುಮತಿಗೆ ಎಷ್ಟು ಕಾಲ?

ಸೈಟು ನೋಡಲು ಹೋದವರು ಬ್ರೋಕರ್‌ಗೆ ಕೇಳುವ ಮೊದಲ ಪ್ರಶ್ನೆ ಚದರ ಅಡಿಗೆ ಎಷ್ಟು ಎಂಬುದು. ಎರಡನೆಯದು ‘ಕನ್ವರ್ಷನ್ ಆಗಿದೆಯಾ?’ ಎಂಬುದು. ‘ಎಲ್ಲಾ ಆಗಿದೆ ಸಾರ್, ಆರ್ಡರ್ ಕೈಗೆ ಬರೋದೊಂದೇ ಬಾಕಿ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆ ‘ಒಂದೇ ಬಾಕಿ’ಯಲ್ಲಿ ಎರಡು ಮಳೆಗಾಲ ಕಳೆದವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ಅತ್ತ ಸೈಟಿನ ಸಾಲದ ಕಂತು, ಇತ್ತ ಬಾಡಿಗೆ ಮನೆಯ ಹಣ, ನಡುವೆ ಏರುತ್ತಲೇ ಹೋಗುವ ಸಿಮೆಂಟು ಕಬ್ಬಿಣದ ದರ.

ಕಾಯ್ದೆ ತೆರೆದು ನೋಡಿದರೆ ಹೆಚ್ಚಿನ ಅನುಮತಿಗಳಿಗೆ ದಿನದ ಮಿತಿ ಇದೆ. ಅವನ್ನೆಲ್ಲ ಕೂಡಿ ‘ಆರೇಳು ತಿಂಗಳಲ್ಲಿ ಪಾಯ ತೆಗೆಯಬಹುದು’ ಎಂದು ಲೆಕ್ಕ ಹಾಕಿದವರು ಎಡವುವುದು ಇಲ್ಲೇ. ಕಚೇರಿಯ ದಿನಗಣನೆ ನಿಜವಾಗಿ ಶುರುವಾಗುವುದು ಅರ್ಜಿ ಪೂರ್ಣವಾದ ದಿನದಿಂದ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ. ಕ್ರಯಪತ್ರದಲ್ಲಿ ಒಂದು ಅಳತೆ, ಸರ್ವೆ ನಕ್ಷೆಯಲ್ಲಿ ಬೇರೆ ಅಳತೆ. ಇಂಥ ಸಣ್ಣ ವ್ಯತ್ಯಾಸಕ್ಕೆ ಅರ್ಜಿ ವಾಪಸ್ ಬಂತೆಂದರೆ ಎಣಿಕೆ ಮತ್ತೆ ಒಂದರಿಂದ ಶುರು. ಜೊತೆಗೆ ಒಂದು ಅನುಮತಿಯ ಪತ್ರವೇ ಮುಂದಿನ ಅರ್ಜಿಗೆ ಬೇಕಾದ ದಾಖಲೆ. ಹಾಗಾಗಿ ಮೊದಲ ಕಾಗದದ ತಪ್ಪು ಕೊನೆಯ ಮೀಟರಿನವರೆಗೂ ಹಿಂಬಾಲಿಸುತ್ತದೆ.

ಮನೆ ಕಟ್ಟಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದು ಬಹುಮಟ್ಟಿಗೆ ಮುಂಗಡ ಕೊಡುವ ಮುನ್ನವೇ ತೀರ್ಮಾನವಾಗಿಹೋಗಿರುತ್ತದೆ. ಕರ್ನಾಟಕದಲ್ಲಿ ಸೈಟು ಕೊಂಡು ಮನೆ ಕಟ್ಟುವವರು ಯಾವ ಹಂತದಲ್ಲಿ ಏನು ನೋಡಬೇಕು, ಎಲ್ಲಿ ಎಷ್ಟು ಕಾಲ ಕಾದಿರಿಸಬೇಕು ಎಂಬುದು ಇಲ್ಲಿದೆ.

ನೆಲ ಯಾವ ಬಗೆಯದು?

ಎಲ್ಲ ಸೈಟುಗಳಿಗೂ ಒಂದೇ ದಾರಿ ಇಲ್ಲ. ನೆಲದ ಬಗೆ ಗೊತ್ತಾದರೆ ಇನ್ನು ಎಷ್ಟು ಅನುಮತಿ ಉಳಿದಿದೆ ಎಂಬುದೂ ಗೊತ್ತಾಗುತ್ತದೆ.

ಪ್ರಾಧಿಕಾರ ಹಂಚಿದ ಸೈಟು: ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವೋ ಬೇರೆ ಊರಿನ ನಗರಾಭಿವೃದ್ಧಿ ಪ್ರಾಧಿಕಾರವೋ ಹಂಚಿದ ಸೈಟಿನಲ್ಲಿ ಭೂಪರಿವರ್ತನೆ, ಬಡಾವಣೆ ಅನುಮೋದನೆಗಳ ತಲೆನೋವು ಕೊಳ್ಳುವವರಿಗೆ ಇಲ್ಲ. ನೋಂದಣಿ, ಖಾತೆ, ಕಟ್ಟಡ ನಕ್ಷೆ ಮೂರೇ ಉಳಿದಿರುತ್ತವೆ. ಹಂಚಿಕೆದಾರರಿಂದ ಕೊಳ್ಳುವಾಗ ಅವರಿಗೆ ಪ್ರಾಧಿಕಾರ ಶುದ್ಧ ಕ್ರಯಪತ್ರ ಮಾಡಿಕೊಟ್ಟಿದೆಯೇ, ಇನ್ನೂ ಲೀಸ್ ಕಮ್ ಸೇಲ್ ಕರಾರಿನಲ್ಲೇ ಇದೆಯೇ ಎಂಬುದನ್ನು ಮಾತ್ರ ಮೊದಲು ಕೇಳಬೇಕು.

ಖಾಸಗಿ ಬಡಾವಣೆಯ ಸೈಟು: 2016ರ ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರ್ ಮೀರಿದ ಬಡಾವಣೆ ನೋಂದಣಿಯಾಗದೆ ಜಾಹೀರಾತನ್ನೂ ಕೊಡುವಂತಿಲ್ಲ, ಬುಕಿಂಗನ್ನೂ ಮಾಡುವಂತಿಲ್ಲ. ಕರಾರು ನೋಂದಾಯಿಸುವ ಮೊದಲು ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತೆಯೂ ಇಲ್ಲ. ನೀವು ನೋಡಬೇಕಾದ ಕಾಗದ ಮೂರು: ಭೂಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರದ ವಿನ್ಯಾಸ ಅನುಮೋದನೆ, ಸೈಟು ಬಿಡುಗಡೆ ಪತ್ರ. ಮೂರನೆಯದನ್ನು ಕೇಳುವವರು ಕಡಿಮೆ. ರಸ್ತೆ, ಚರಂಡಿ, ನೀರಿನ ಕೆಲಸ ಮುಗಿದಂತೆ ಪ್ರಾಧಿಕಾರ ಸೈಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ನಿಮ್ಮ ಸೈಟಿನ ಸಂಖ್ಯೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಖಾತೆಯೂ ಇಲ್ಲ, ಖಾತೆ ಇಲ್ಲದೆ ನಕ್ಷೆಯೂ ಇಲ್ಲ.

ಒಂಟಿ ನಿವೇಶನ: ದಕ್ಷಿಣ ಕನ್ನಡ, ಉಡುಪಿ ಕಡೆ ಇದೇ ಹೆಚ್ಚು. ಅಲ್ಲಿಯವರ ಬಾಯಲ್ಲಿ ಇದು ‘ನೈನ್ ಇಲೆವೆನ್’ ವ್ಯವಹಾರ. ಗ್ರಾಮ ಪಂಚಾಯಿತಿಯ ಇ-ಸ್ವತ್ತಿನಲ್ಲಿ ಸಿಗುವ ನಮೂನೆ 9 ಮತ್ತು 11ರ ಮಾತು ಅದು. ಪರಿವರ್ತನೆಯಾದ ಐದೋ ಹತ್ತೋ ಸೆಂಟ್ಸ್ ಜಾಗಕ್ಕೆ ಯೋಜನಾ ಪ್ರಾಧಿಕಾರದಿಂದ ಏಕ ನಿವೇಶನ ವಿನ್ಯಾಸ ಅನುಮೋದನೆ ಬೇಕು, ಅದಾದ ಮೇಲೆ ನಮೂನೆ 9 ಮತ್ತು 11ಎ. ತೋರಿಸಿದ ನಮೂನೆ ‘11ಬಿ’ ಆಗಿದ್ದರೆ ಜಾಗ ಅನುಮೋದಿತ ಗುಂಪಿನಲ್ಲಿ ಇಲ್ಲ ಎಂದರ್ಥ. ಹೆಸರು ಒಂದೇ ಥರ ಕೇಳಿಸಿದರೂ ಬ್ಯಾಂಕಿನವರು ಮೊದಲು ನೋಡುವುದು ಆ ಒಂದಕ್ಷರವನ್ನೇ.

ಗ್ರಾಮಠಾಣಾ: ಊರೊಳಗಿನ ಹಳೆಯ ವಾಸದ ಜಾಗಕ್ಕೆ ಭೂಪರಿವರ್ತನೆ ಬೇಕಿಲ್ಲ. ಆದರೆ ಜಾಗ ನಿಜಕ್ಕೂ ಗ್ರಾಮಠಾಣಾ ಗಡಿಯೊಳಗೆ ಇದೆಯೇ ಎಂಬುದು ಸರ್ವೆ ಇಲಾಖೆಯ ಗ್ರಾಮನಕ್ಷೆಯಲ್ಲಿ ಕಾಣಬೇಕು. ಬಾಯಿಮಾತು ಸಾಲದು.

ಕೃಷಿ ಜಮೀನು ಮತ್ತು ರೆವಿನ್ಯೂ ಸೈಟು: 2020ರ ಭೂಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳುವ ಹಕ್ಕಿನ ಜೊತೆ ಮನೆ ಕಟ್ಟುವ ಹಕ್ಕು ತಾನಾಗಿ ಬರುವುದಿಲ್ಲ. ‘ಫಾರ್ಮ್‌ಹೌಸ್ ಅಂತ ಕಟ್ಟಿಕೊಳ್ಳಿ’ ಎನ್ನುವ ಸಲಹೆಗೂ ಮಿತಿಯಿದೆ. ಕೃಷಿಕ ತನ್ನ ಬಳಕೆಗೆ, ಹಿಡುವಳಿಯ ಶೇ 10ರಷ್ಟು ಜಾಗ ಮೀರದಂತೆ ಕಟ್ಟಿಕೊಳ್ಳುವ ಮನೆಗೆ ಮಾತ್ರ ಆ ವಿನಾಯಿತಿ. ಕೃಷಿ ಜಮೀನನ್ನು ಪರಿವರ್ತನೆ ಮಾಡದೆ ತುಂಡರಿಸಿ ಮಾರಿದ ರೆವಿನ್ಯೂ ಸೈಟು ಅಗ್ಗ ನಿಜ. ಬಾಕಿ ಉಳಿದ ಅನುಮತಿಗಳ ಖರ್ಚು, ಕಾಲ ಎರಡನ್ನೂ ಕೊಳ್ಳುವವರ ತಲೆಗೆ ಕಟ್ಟಿರುವುದರಿಂದಲೇ ಅದು ಅಗ್ಗ.

ಭೂಪರಿವರ್ತನೆ: ಮೊದಲು ಬಣ್ಣ ನೋಡಿ

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ವಾಸಕ್ಕೆ ಬಳಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಅರ್ಜಿ ಕೊಟ್ಟ ನಾಲ್ಕು ತಿಂಗಳಲ್ಲಿ ತೀರ್ಮಾನ ತಿಳಿಸದಿದ್ದರೆ ಅನುಮತಿ ಸಿಕ್ಕಿದಂತೆಯೇ ಎಂದು ಆ ಕಲಂ ಹೇಳಿತ್ತು. ಈಗ ಪ್ರಮಾಣಪತ್ರ ಆಧಾರಿತ ಆನ್‌ಲೈನ್ ಅರ್ಜಿಯ ಪದ್ಧತಿಯೂ ಇದೆ. ಆದರೂ ‘ಸಿಕ್ಕಿದಂತೆಯೇ’ ಎಂಬುದನ್ನು ನೆಚ್ಚಿಕೊಂಡು ಮುಂದಿನ ಹೆಜ್ಜೆ ಇಡಬೇಡಿ. ಬ್ಯಾಂಕು, ಪಂಚಾಯಿತಿ, ಪ್ರಾಧಿಕಾರ ಎಲ್ಲರೂ ಕೇಳುವುದು ಆದೇಶದ ಪ್ರತಿಯನ್ನೇ.

ಎಷ್ಟು ಕಾಲ ಎಂಬುದನ್ನು ತೀರ್ಮಾನಿಸುವುದು ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರಿಗೆ ಬಳಿದ ಬಣ್ಣ. ವಸತಿ ವಲಯದ ಹಳದಿಯಲ್ಲಿದ್ದರೆ ದಾರಿ ಸಲೀಸು. ಹಸಿರು ವಲಯದಲ್ಲಿದ್ದರೆ ಮೊದಲು ಭೂಬಳಕೆ ಬದಲಾವಣೆಯೇ ಆಗಬೇಕು. ಅದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಅಡಿ, ಸಾರ್ವಜನಿಕ ಆಕ್ಷೇಪಣೆ ಕರೆದು ನಡೆಯುವ ಪ್ರತ್ಯೇಕ ಪ್ರಕ್ರಿಯೆ. ಅದಕ್ಕೆ ತಿಂಗಳುಗಳ ಲೆಕ್ಕ ಹಾಕಿ ಕೂರುವುದರಲ್ಲಿ ಅರ್ಥವಿಲ್ಲ. ಒಂದು ಮನೆಗಾಗಿ ಹೊರಟವರು ಅಂಥ ಜಾಗವನ್ನು ಬಿಡುವುದೇ ಲೇಸು.

ಇನ್ನೊಂದು ಮಾತು. ಅರ್ಜಿ ಹಾಕಬೇಕಾದವರು ಪಹಣಿಯಲ್ಲಿ ಹೆಸರಿರುವ ಮಾಲೀಕರು. ‘ನೀವು ಕೊಂಡುಕೊಳ್ಳಿ, ಆಮೇಲೆ ಮಾಡಿಸಿಕೊಡ್ತೀವಿ’ ಎಂಬ ಮಾತಿಗೆ ಒಪ್ಪಿದರೆ ಪಹಣಿಗೆ ನಿಮ್ಮ ಹೆಸರು ಏರುವವರೆಗೆ ಅರ್ಜಿ ಹಾಕುವಂತಿಲ್ಲ. ಪರಿವರ್ತನೆಯನ್ನು ಮಾರುವವರಿಂದಲೇ ಮಾಡಿಸಿ, ಆಮೇಲೆ ಕ್ರಯಪತ್ರಕ್ಕೆ ಹೋಗಿ.

ಕಾಗದ ನೋಡುವ ಹಂತ: ಅವಸರ ಬೇಡ

ಇಡೀ ಪ್ರಯಾಣದಲ್ಲಿ ಧಾರಾಳವಾಗಿ ಕಾಲ ಕೊಡಬೇಕಾದ ಹಂತ ಇದು. ವಕೀಲರಿಗೆ ಮೂರು ನಾಲ್ಕು ವಾರ ಬಿಟ್ಟುಕೊಡಿ.

ಋಣಭಾರ ಪತ್ರ, ಅಂದರೆ ಇ.ಸಿ., ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕಗಳಲ್ಲಿ ಹುಡುಕಿಸಬೇಕು. ವಕೀಲರು, ಬ್ಯಾಂಕಿನವರು ಸಾಮಾನ್ಯವಾಗಿ 30 ವರ್ಷದ ಸರಣಿ ಕೇಳುವುದರಿಂದ ಈ ಹುಡುಕಾಟ ತಪ್ಪದು. ಮೊದಲ ವಾರವೇ ಅರ್ಜಿ ಹಾಕಿಬಿಡಿ.

ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಅದರಲ್ಲಿರುವ ಹೆಣ್ಣುಮಕ್ಕಳ ಹೆಸರನ್ನು ಎಣಿಸಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. 2005ಕ್ಕೆ ಮೊದಲು ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಅಡ್ಡಿಯಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಅಕ್ಕ ಮದುವೆ ಆಗಿ ಹೋಗಿ ಮೂವತ್ತು ವರ್ಷ ಆಯ್ತು, ಅವರೇನೂ ಕೇಳಲ್ಲ’ ಎನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಕ್ಕನ ಸಹಿ ಬೇಕು.

ಜಮೀನು ಮೂಲತಃ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ಅಸಿಂಧು. 2023ರ ತಿದ್ದುಪಡಿಯ ಪ್ರಕಾರ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಆ ಜಮೀನಿನಲ್ಲಿ ಈಗ ಬಡಾವಣೆ ಎದ್ದಿದ್ದರೂ ಮೂಲ ಮಂಜೂರಾತಿ ಕಡತ ನೋಡದೆ ಮುಂದುವರಿಯಬೇಡಿ.

ಇನ್ನು ಅಳತೆ. ಒಂದು ಸರ್ವೆ ನಂಬರಿನ ಸ್ವಲ್ಪ ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಅದಕ್ಕೆ ಸರ್ಕಾರಿ ಸರ್ವೆಯರ್ ಜಾಗಕ್ಕೆ ಬಂದು ಅಳೆಯಬೇಕು, ಅಕ್ಕಪಕ್ಕದವರಿಗೆ ನೋಟಿಸು ಹೋಗಬೇಕು. ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತು ಅರ್ಜಿಯನ್ನೂ ಇದೇ ಹೊತ್ತಿಗೆ ಕೊಡಿಸಿ. ಪಹಣಿಯಲ್ಲಿ ‘ಬಿ ಖರಾಬು’ ಎಂದಿದ್ದರೆ ಆ ಭಾಗ ರಸ್ತೆ, ಹಳ್ಳದಂಥ ಸಾರ್ವಜನಿಕ ಬಳಕೆಗೆ ಮೀಸಲಾದದ್ದು. ಮಾರುವವರು ಅದನ್ನೂ ಸೇರಿಸಿ ಗುಂಟೆ ಲೆಕ್ಕ ಹೇಳುತ್ತಿದ್ದಾರೆಯೇ ನೋಡಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ನೀವು ನಿಂತಿರುವ ಸರ್ವೆ ನಂಬರು ಕಾಣುತ್ತದೆ. ಕೆರೆ, ರಾಜಕಾಲುವೆ ಎಷ್ಟು ಹತ್ತಿರ ಎಂಬ ಅಂದಾಜೂ ಸಿಗುತ್ತದೆ. ಪಕ್ಕಾ ಗಡಿಗೆ ಅದು ಸಾಕಾಗುವುದಿಲ್ಲ; ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿಯಲು ಧಾರಾಳವಾಗಿ ಸಾಕು.

ಕರಾರಿನಲ್ಲೇ ದಿನಾಂಕ ಬರೆಯಿಸಿ

ಕ್ರಯದ ಕರಾರು ಎಂದರೆ ಬೆಲೆ, ಮುಂಗಡ, ಚಕ್ಕುಬಂದಿ ಇಷ್ಟೇ ಎಂದುಕೊಂಡವರು ಬಹಳ. ನಿಮ್ಮ ಕಾಲವನ್ನು ಕಾಯುವ ಪತ್ರವೂ ಅದೇ. ಕರಾರಿನಿಂದ ಜಾಗದ ಮೇಲೆ ಹಕ್ಕು ಬರುವುದಿಲ್ಲ. ಹಕ್ಕು ಬರುವುದು ನೋಂದಾಯಿತ ಕ್ರಯಪತ್ರದಿಂದ. ಎದುರಿನವರು ಮಾತು ತಪ್ಪಿದರೆ ಕೋರ್ಟಿನಲ್ಲಿ ಕರಾರು ಜಾರಿಗೆ ದಾವೆ ಹೂಡಲು ಮೂರು ವರ್ಷದ ಗಡುವು. ಕರಾರಿನಲ್ಲಿ ದಿನಾಂಕ ಗೊತ್ತುಪಡಿಸಿದ್ದರೆ ಆ ಮೂರು ವರ್ಷವನ್ನು ಎಣಿಸುವುದು ಅಲ್ಲಿಂದಲೇ.

ಕೆಳಗಿನ ನಾಲ್ಕು ಸಂಗತಿ ಕರಾರಿನಲ್ಲಿ ಇರಲಿ.

• ಭೂಪರಿವರ್ತನೆ, ವಿನ್ಯಾಸ ಅನುಮೋದನೆ, ಇ-ಖಾತೆ – ಯಾವುದನ್ನು ಯಾರು, ಯಾರ ಖರ್ಚಿನಲ್ಲಿ, ಯಾವ ದಿನಾಂಕದೊಳಗೆ ಮಾಡಿಸಬೇಕು ಎಂಬ ಪಟ್ಟಿ.

• ಉಳಿದ ಹಣದ ಕಂತುಗಳು ತಿಂಗಳ ಲೆಕ್ಕದಲ್ಲಿ ಬೇಡ. ‘ಪರಿವರ್ತನೆ ಆದೇಶ ಕೈಗೆ ಬಂದ 15 ದಿನದೊಳಗೆ ಇಷ್ಟು’ ಎಂಬಂತೆ ಅನುಮತಿಗೆ ಕಟ್ಟಿಹಾಕಿ.

• ಗಡುವು ಮೀರಿದರೆ ಮುಂಗಡ ಬಡ್ಡಿ ಸಮೇತ ವಾಪಸ್ ಪಡೆಯುವ ಆಯ್ಕೆ ಕೊಳ್ಳುವವರದ್ದಾಗಿರಲಿ.

• ಬ್ಯಾಂಕಿನ ಕಾನೂನು ಪರಿಶೀಲನೆಯಲ್ಲಿ ಸಾಲ ನಿರಾಕರಣೆಯಾದರೆ ಕರಾರು ರದ್ದು ಎಂಬ ಒಂದು ಸಾಲು.

ಕರಾರನ್ನೂ ನೋಂದಾಯಿಸಿ. ಆಗ ಅದು ಇ.ಸಿ.ಯಲ್ಲಿ ಕಾಣಿಸುತ್ತದೆ, ಅದೇ ಜಾಗವನ್ನು ಇನ್ನೊಬ್ಬರಿಗೆ ತೋರಿಸುವುದು ಮಾರುವವರಿಗೆ ಕಷ್ಟವಾಗುತ್ತದೆ.

ನೋಂದಣಿ ಒಂದು ದಿನ, ಸಿದ್ಧತೆ ಒಂದು ತಿಂಗಳು

ಸಬ್ ರಿಜಿಸ್ಟ್ರಾರ್ ಕಚೇರಿಯ ಕೆಲಸ ಅರ್ಧ ದಿನದ್ದು. ಕಾವೇರಿ 2.0 ಬಂದ ಮೇಲೆ ಕರಡು ಮೊದಲೇ ಆನ್‌ಲೈನ್‌ನಲ್ಲಿ ಪರಿಶೀಲನೆಯಾಗಿ, ಶುಲ್ಕ ಕಟ್ಟಿ, ಸಮಯ ಗೊತ್ತುಮಾಡಿಕೊಂಡು ಹೋಗಬಹುದು. ಜಿಲ್ಲೆಯೊಳಗಿನ ಯಾವುದೇ ಕಚೇರಿಯಲ್ಲಿ ನೋಂದಣಿ ಮಾಡಿಸುವ ಅವಕಾಶ 2024ರ ಸೆಪ್ಟೆಂಬರ್‌ನಿಂದ ಇದೆ.

ಕಾಲ ಹಿಡಿಯುವುದು ಇ-ಖಾತೆಗೆ. ನೋಂದಣಿಗೆ ಈಗ ಅದು ಕಡ್ಡಾಯ. ಮಾರುವವರ ಹೆಸರಿನಲ್ಲಿ ಇ-ಖಾತೆ ಆಗಿರದಿದ್ದರೆ ಮೊದಲು ಅವರು ಮಾಡಿಸಿಕೊಳ್ಳಬೇಕು. ತಂದೆಯ ಹೆಸರಿನಲ್ಲೇ ಉಳಿದ ಖಾತೆ, ಮರಣ ಪತ್ರ ಸಿಗದ ಅಜ್ಜ, ಕಟ್ಟದೇ ಬಿಟ್ಟ ಕಂದಾಯ ಎಲ್ಲವೂ ಆಗ ಒಂದೊಂದಾಗಿ ಹೊರಬರುತ್ತವೆ. ಬೆಂಗಳೂರಿನಲ್ಲಿ ‘ಎ’ ಖಾತೆಯೋ ‘ಬಿ’ ಖಾತೆಯೋ ಎಂಬುದನ್ನೂ ಇಲ್ಲೇ ನೋಡಿ. ಯಾವ ಖಾತೆಯಾದರೂ ಅದು ಕಂದಾಯದ ದಾಖಲೆ ಮಾತ್ರ, ಮಾಲೀಕತ್ವಕ್ಕೆ ಸಾಕ್ಷಿ ಕ್ರಯಪತ್ರಗಳ ಸರಣಿ.

ಖರ್ಚಿನಲ್ಲಿ ಒಂದು ಬದಲಾವಣೆ ಗಮನಿಸಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಪ್ರತ್ಯೇಕ. ಬೆಲೆ 50 ಲಕ್ಷ ರೂಪಾಯಿ ಮುಟ್ಟಿದರೆ ಕೊಳ್ಳುವವರು ಶೇ 1 ಟಿಡಿಎಸ್ ಹಿಡಿದು, ಆ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ಮುಂಗಡ ಕೊಡುವಾಗಲೂ ಇದು ಅನ್ವಯ. ಮಾರುವವರು ವಿದೇಶದಲ್ಲಿ ನೆಲೆಸಿದ ಅನಿವಾಸಿಯಾದರೆ ಈ ಶೇ 1ರ ಲೆಕ್ಕ ನಡೆಯುವುದಿಲ್ಲ. ದರ ಇದಕ್ಕಿಂತ ಬಹಳ ಹೆಚ್ಚು, ಆಡಿಟರ್ ಸಲಹೆ ಪಡೆದೇ ಹಣ ಕೊಡಿ.

ಕ್ರಯಪತ್ರಕ್ಕೆ ಸಹಿ ಮಾಡಿದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು ಎಂಬುದು 1908ರ ನೋಂದಣಿ ಕಾಯ್ದೆಯ ನಿಯಮ. ನೋಂದಣಿಯಾದ ಕೂಡಲೇ ಖಾತೆ ವರ್ಗಾವಣೆಯನ್ನು, ಕೃಷಿ ಜಮೀನಾದರೆ ಪಹಣಿಯ ಮ್ಯುಟೇಶನ್ ಅನ್ನು ಬೆನ್ನು ಹತ್ತಿ ಮುಗಿಸಿ. ನಕ್ಷೆಯ ಅರ್ಜಿ ನಿಮ್ಮ ಹೆಸರಿನ ಖಾತೆ ಕೇಳುತ್ತದೆ.

ಕಟ್ಟಡ ನಕ್ಷೆ: ಕಾಯುವ ಕಾಲ ವ್ಯರ್ಥ ಮಾಡಬೇಡಿ

ಖಾತೆ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಣ್ಣಿನ ಪರೀಕ್ಷೆ, ಎಂಜಿನಿಯರ್ ಆಯ್ಕೆ, ನಕ್ಷೆಯ ಕರಡು, ಗುತ್ತಿಗೆದಾರರಿಂದ ದರಪಟ್ಟಿ – ಇವೆಲ್ಲ ಖಾತೆಯ ಅರ್ಜಿಯ ಜೊತೆಜೊತೆಗೆ ನಡೆಯಬಲ್ಲ ಕೆಲಸಗಳು. ನಕ್ಷೆಯ ಮಂಜೂರಾತಿ ಮಾತ್ರ ಖಾತೆಗಾಗಿ ಕಾಯುತ್ತದೆ.

ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ, ಪಟ್ಟಣದಲ್ಲಿ ಪುರಸಭೆ, ನಗರಸಭೆ ಅಥವಾ ಪಾಲಿಕೆ ಪರವಾನಗಿ ಕೊಡುತ್ತದೆ. ಬೆಂಗಳೂರಿನಲ್ಲಿ ಬಿಬಿಎಂಪಿಯ ಜಾಗಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳು ಬಂದಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿತು ಎಂದು ಖಚಿತಪಡಿಸಿಕೊಂಡೇ ಅರ್ಜಿ ಹಾಕಿ. 50×80 ಅಡಿವರೆಗಿನ ಸೈಟಿಗೆ ಬೆಂಗಳೂರಿನಲ್ಲಿ 2024ರಿಂದ ‘ನಂಬಿಕೆ ನಕ್ಷೆ’ ವ್ಯವಸ್ಥೆ ಇದೆ. ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲೇ ತಾತ್ಕಾಲಿಕ ಮಂಜೂರಾತಿ ಸಿಗುತ್ತದೆ, ಕಚೇರಿಯ ಪರಿಶೀಲನೆ ಆಮೇಲೆ. ನಂಬಿಕೆ ಇಟ್ಟವರು ಪರೀಕ್ಷಿಸಿಯೂ ನೋಡುತ್ತಾರೆ ಎಂಬುದು ನೆನಪಿರಲಿ. ದಾಖಲೆ ಸುಳ್ಳಾದರೆ ಮಂಜೂರಾತಿಯೇ ಹೋಗುತ್ತದೆ.

ನಕ್ಷೆ ಆಕ್ಷೇಪಣೆಗೆ ಸಿಕ್ಕಿಬೀಳುವುದು ಹೆಚ್ಚಾಗಿ ಇಂಥ ಕಾರಣಗಳಿಗೆ: ಸುತ್ತ ಬಿಡಬೇಕಾದ ಜಾಗ ಕಡಿಮೆ, ರಸ್ತೆಯ ಅಗಲ ದಾಖಲೆಯಲ್ಲಿ ಒಂದು ಸ್ಥಳದಲ್ಲಿ ಇನ್ನೊಂದು, ವಾಹನ ನಿಲುಗಡೆಗೆ ಜಾಗ ತೋರಿಸಿಲ್ಲ, ಮಳೆನೀರು ಸಂಗ್ರಹ ಇಲ್ಲ. ಬೆಂಗಳೂರಿನಲ್ಲಿ 30×40 ಅಡಿ ಮತ್ತು ಅದಕ್ಕೂ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಸಂಗ್ರಹ ಕಡ್ಡಾಯ. ಶುಲ್ಕದ ಪಟ್ಟಿಯಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಕಂಡರೆ ಗಾಬರಿ ಬೇಡ. ಮನೆಯ ನಿರ್ಮಾಣ ವೆಚ್ಚ ಕಾಯ್ದೆಯ ಮಿತಿ ಮೀರಿದರೆ ಅದು ಕೊಡಲೇಬೇಕಾದದ್ದು.

ಮಂಜೂರಾದ ನಕ್ಷೆಗೂ ಆಯುಷ್ಯವಿದೆ. ಬೆಂಗಳೂರಿನ 2003ರ ಕಟ್ಟಡ ಬೈಲಾ ಪ್ರಕಾರ ಪರವಾನಗಿ ಪಡೆದ ಐದು ವರ್ಷದೊಳಗೆ ಕಟ್ಟಡ ಮುಗಿಯಬೇಕು. ಹಣ ಕೂಡಿಬಂದಾಗ ಕಟ್ಟೋಣ ಎಂದು ನಕ್ಷೆ ಮಾಡಿಸಿಟ್ಟುಕೊಳ್ಳುವವರು ಇದನ್ನು ಮರೆಯಬಾರದು.

ಕಟ್ಟಿ ಮುಗಿದ ಮೇಲೂ ಒಂದು ಹಂತ

ಮೊದಲೆಲ್ಲ ಮನೆ ಮುಗಿದರೆ ಮೀಟರು ಬರುತ್ತಿತ್ತು, ಹಾಲು ಉಕ್ಕಿಸಿ ಒಳಗೆ ಹೋಗುತ್ತಿದ್ದೆವು. ಈಗ ಪರಿಸ್ಥಿತಿ ಬದಲಾಗಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಸ್ವಾಧೀನಾನುಭವ ಪತ್ರ ಅಂದರೆ ಒ.ಸಿ. ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದು ಎಂದು ಹೇಳಿತು. ರಾಜ್ಯದ ವಿದ್ಯುತ್ ಕಂಪನಿಗಳು 2025ರಲ್ಲಿ ಅದನ್ನು ಜಾರಿಗೆ ತಂದಾಗ ಕಟ್ಟಿ ಮುಗಿದ ಎಷ್ಟೋ ಮನೆಗಳು ಕತ್ತಲಲ್ಲೇ ಉಳಿದವು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಒ.ಸಿ. ವಿನಾಯಿತಿ ನೀಡುವ ತೀರ್ಮಾನ ಮಾಡಿತು. ನೆಲಮಹಡಿ ಮತ್ತು ಎರಡು ಅಂತಸ್ತು, ಅಥವಾ ಕೆಳಗೆ ವಾಹನ ನಿಲುಗಡೆ ಬಿಟ್ಟು ಮೂರು ಅಂತಸ್ತು ಅದರ ಮಿತಿ. ಇನ್ನೂ ಒಂದು ಕೋಣೆ ಮೇಲೇರಿಸೋಣ ಎಂದು ಹೊರಟರೆ ವಿನಾಯಿತಿಯೇ ಕೈತಪ್ಪುತ್ತದೆ.

ಒ.ಸಿ. ಬೇಕಾದವರಿಗೆ ಬೆಂಗಳೂರಿನ ಬೈಲಾ ಹೇಳುವ ಲೆಕ್ಕ ಇದು: ಕಟ್ಟಡ ಮುಗಿದ ಒಂದು ತಿಂಗಳೊಳಗೆ ಎಂಜಿನಿಯರ್ ಪ್ರಮಾಣಪತ್ರದೊಂದಿಗೆ ಸೂಚನೆ ಕೊಡಬೇಕು, ಅಧಿಕಾರಿ ಸ್ಥಳ ಪರಿಶೀಲಿಸಿ 30 ದಿನದೊಳಗೆ ಒಪ್ಪಿಗೆಯೋ ತಿರಸ್ಕಾರವೋ ತಿಳಿಸಬೇಕು. ಪರಿಶೀಲನೆಗೆ ಬಂದವರು ಟೇಪು ಹಿಡಿದು ನೋಡುವುದು ಮಂಜೂರಾದ ನಕ್ಷೆಗೂ ಕಟ್ಟಿದ ಗೋಡೆಗೂ ಇರುವ ಅಂತರವನ್ನು. ಮೇಸ್ತ್ರಿಯ ಮಾತು ಕೇಳಿ ಅರ್ಧ ಅಡಿ ಬಾಲ್ಕನಿ ಹೊರಚಾಚಿಸಿದ್ದು, ಸುತ್ತ ಬಿಡಬೇಕಿದ್ದ ಜಾಗದಲ್ಲಿ ಮೆಟ್ಟಿಲು ಇಳಿಸಿದ್ದು ಎಲ್ಲವೂ ಆಗ ಲೆಕ್ಕಕ್ಕೆ ಬರುತ್ತವೆ. ಬದಲಾವಣೆ ಬೇಕೆನಿಸಿದರೆ ಕಟ್ಟುವ ಮುನ್ನವೇ ಪರಿಷ್ಕೃತ ನಕ್ಷೆ ಮಾಡಿಸಿ.

ವಿದ್ಯುತ್ ಸಂಪರ್ಕದ ಕಾಲಮಿತಿ ಮಾತ್ರ ಚಿಕ್ಕದು. ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯಂತೆ ಪೂರ್ಣ ಅರ್ಜಿ ಸಲ್ಲಿಸಿದ ಮೇಲೆ ಮಹಾನಗರದಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ. ಹೊಸ ಕಂಬ, ತಂತಿ ಎಳೆಯಬೇಕಾದರೆ ಹೆಚ್ಚು ಕಾಲ ಬೇಕು. ಹೊಸ ಬಡಾವಣೆಯ ಅಂಚಿನಲ್ಲಿ ಸೈಟು ಇದ್ದರೆ ಕಂಬ ಎಷ್ಟು ದೂರ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.

ಸಾಲ, ತೆರಿಗೆಗಳಿಗೂ ಗಡುವು

ಸೈಟಿಗೂ ಮನೆಗೂ ಸೇರಿಸಿ ಸಾಲ ಪಡೆದರೆ ಇಷ್ಟು ಕಾಲದೊಳಗೆ ಕಟ್ಟಡ ಶುರುವಾಗಬೇಕು ಎಂದು ಬ್ಯಾಂಕು ಷರತ್ತು ಹಾಕುತ್ತದೆ. ನಿರ್ಮಾಣದ ಹಣ ಪಾಯ, ಲಿಂಟಲ್, ಆರ್‌ಸಿಸಿ ಎಂದು ಹಂತ ಹಂತವಾಗಿ ಬರುತ್ತದೆ. ಮಂಜೂರಾದ ನಕ್ಷೆ ಇಲ್ಲದೆ ಮೊದಲ ಕಂತೂ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಂತ ವಾಸದ ಮನೆ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ. ಸಾಲ ಪಡೆದ ಹಣಕಾಸು ವರ್ಷ ಮುಗಿದ ಐದು ವರ್ಷದೊಳಗೆ ಮನೆ ಮುಗಿಯದಿದ್ದರೆ ಅದು 30 ಸಾವಿರಕ್ಕೆ ಇಳಿಯುತ್ತದೆ. ಊರಿನ ಹಳೆಯ ಆಸ್ತಿ ಮಾರಿದ ಲಾಭವನ್ನು ಹೊಸ ಮನೆಗೆ ಹಾಕಿ ತೆರಿಗೆ ಉಳಿಸುವವರಿಗೆ ಮನೆ ಕಟ್ಟಲು ಸಿಗುವುದು ಮಾರಿದ ದಿನದಿಂದ ಮೂರು ವರ್ಷ. ಪರಿವರ್ತನೆಯಾಗದ ಜಾಗ ಕೊಂಡು ಆ ಮೂರು ವರ್ಷದಲ್ಲಿ ಅರ್ಧ ಕಳೆದುಕೊಂಡರೆ ತೆರಿಗೆಯ ನೋಟಿಸಿಗೆ ದಾರಿ ಮಾಡಿದಂತೆಯೇ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಅನಿವಾಸಿ ಭಾರತೀಯರು, ಒಸಿಐ ಕಾರ್ಡಿನವರು ಮನೆ, ವಸತಿ ಸೈಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ‘ಅಪ್ಪನ ಹೆಸರಲ್ಲಿ ಇರಲಿ, ಆಮೇಲೆ ನೋಡೋಣ’ ಎನ್ನುವ ಮುನ್ನ ವಕೀಲರನ್ನು ಕೇಳಿ. ಅಲ್ಲಿಂದ ಮಾಡಿ ಕಳಿಸುವ ಮುಖ್ತಿಯಾರ್ ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನೋಂದಣಿಯ ಹಿಂದಿನ ವಾರ ಪತ್ರ ತರಿಸಿಕೊಂಡು ಪರದಾಡುವುದಕ್ಕಿಂತ ಕರಾರಿನ ಹಂತದಲ್ಲೇ ಈ ಕೆಲಸ ಮುಗಿಸಿ.

ತಡವಾದರೆ ಯಾರನ್ನು ಕೇಳುವುದು?

2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಕೊಟ್ಟರೆ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಪಡೆಯುವುದು ನಿಮ್ಮ ಹಕ್ಕು. ಆ ಸಂಖ್ಯೆ ಇಲ್ಲದಿದ್ದರೆ ತಡವಾಗಿದೆ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕಾಯ್ದೆಯಲ್ಲಿದೆ. ಮೊತ್ತ ಸಣ್ಣದು, ಆದರೆ ಮೇಲ್ಮನವಿ ಹಾಕಿದರೆ ಕಡತ ಮೇಲಧಿಕಾರಿಯ ಕಣ್ಣಿಗೆ ಬೀಳುತ್ತದೆ, ಲಾಭ ಅದೇ. ಕಡತ ಯಾವ ಮೇಜಿನಲ್ಲಿ ನಿಂತಿದೆ, ಏನು ಟಿಪ್ಪಣಿ ಬಿದ್ದಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ಬಡಾವಣೆಯವರು ಮಾತು ತಪ್ಪಿದರೆ ದೂರು ರೇರಾಕ್ಕೆ. ಅರ್ಜಿಗೆ ಆಕ್ಷೇಪಣೆ ಬಂದಾಗ ಬಾಯಿಮಾತಿನಲ್ಲಿ ಒಪ್ಪಿಕೊಂಡು ಬರಬೇಡಿ. ಆಕ್ಷೇಪಣೆಯನ್ನು ಲಿಖಿತವಾಗಿ ಪಡೆಯಿರಿ, ಎಲ್ಲ ಅಂಶಕ್ಕೂ ಒಮ್ಮೆಲೇ ಉತ್ತರ ಕೊಡಿ.

ಸಂಕ್ರಾಂತಿಗೆ ಪಾಯ ತೆಗೆಯಬೇಕೆಂದರೆ

ನಮ್ಮಲ್ಲಿ ಕಟ್ಟಡದ ಕಾಲ ಮಳೆಯ ಲೆಕ್ಕದಲ್ಲಿ ನಡೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್ ಮೊದಲ ವಾರದ ಹೊತ್ತಿಗೆ ಚಾವಣಿ ಬಿದ್ದಿರಬೇಕು. ಅದಕ್ಕೆ ಧನುರ್ಮಾಸ ಕಳೆದು ಜನವರಿ ನಡುವಿಗೆ ಗುದ್ದಲಿ ಪೂಜೆ ಆಗಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿ.

• ಅಕ್ಟೋಬರ್: ನಿಮ್ಮ ಹೆಸರಿನ ಖಾತೆ ಕೈಯಲ್ಲಿ, ನಕ್ಷೆಯ ಅರ್ಜಿ ಕಚೇರಿಯಲ್ಲಿ. ಆಕ್ಷೇಪಣೆ ಬಂದರೂ ಎರಡು ತಿಂಗಳು ಕೈಯಲ್ಲಿರುತ್ತದೆ.

• ಆಗಸ್ಟ್: ನೋಂದಣಿ. ಅದರ ಮರುದಿನವೇ ಖಾತೆ ವರ್ಗಾವಣೆಗೆ ಅರ್ಜಿ. ಎಂಜಿನಿಯರ್ ಜೊತೆ ನಕ್ಷೆಯ ಚರ್ಚೆ ಶುರು.

• ಜೂನ್, ಜುಲೈ: ಕರಾರು, ಸಾಲದ ಮಂಜೂರಾತಿ, ಮಾರುವವರ ಇ-ಖಾತೆ. ಆಷಾಢದಲ್ಲಿ ಶುಭಕಾರ್ಯ ಇಲ್ಲದಿದ್ದರೂ ಕಚೇರಿಗಳು ತೆರೆದಿರುತ್ತವೆ. ಕಾಗದದ ಓಡಾಟಕ್ಕೆ ಒಳ್ಳೆಯ ತಿಂಗಳು.

• ಏಪ್ರಿಲ್, ಮೇ: ವಕೀಲರ ಪರಿಶೀಲನೆ, ಸರ್ವೆ, ಹಳೆಯ ಇ.ಸಿ.

ಇದು ಪರಿವರ್ತನೆಯಾಗಿ, ಅನುಮೋದನೆಯಾದ ಸೈಟಿನ ಕಥೆ. ಪರಿವರ್ತನೆ, ಏಕ ನಿವೇಶನ ಅನುಮೋದನೆ ಇನ್ನೂ ಬಾಕಿಯಿದ್ದರೆ ಪಟ್ಟಿಯನ್ನು ಪೂರಾ ಒಂದು ವರ್ಷ ಹಿಂದಕ್ಕೆ ತಳ್ಳಿ. ಆ ಒಂದು ವರ್ಷದ ಬಾಡಿಗೆ, ಬಡ್ಡಿ, ಸಾಮಗ್ರಿಯ ಬೆಲೆ ಏರಿಕೆ ಎಲ್ಲವನ್ನೂ ಕೂಡಿ, ಸೈಟಿನ ಬೆಲೆಗೆ ಸೇರಿಸಿ. ಹಾಗೆ ಸೇರಿಸಿ ನೋಡಿದರೆ ಅಗ್ಗದ ಸೈಟು ಬಹುತೇಕ ಸಲ ಅಗ್ಗವಾಗಿ ಉಳಿಯುವುದಿಲ್ಲ. ಮಾರುವವರ ಎದುರು ಬೆಲೆ ಇಳಿಸಿ ಮಾತಾಡಲು ನಿಮಗೊಂದು ಗಟ್ಟಿ ಅಂಕಿಯಾದರೂ ಸಿಗುತ್ತದೆ. ಅವರು ಒಪ್ಪದಿದ್ದರೆ ಮುಂಗಡ ಕೊಡದೆ ಎದ್ದು ಬರುವ ಸ್ವಾತಂತ್ರ್ಯ ಇನ್ನೂ ನಿಮ್ಮದೇ.